ಜಡಿಮಳೆಯಲ್ಲಿ ಫೊಕಾಚಾ ಮಾಡಲು ಕಲಿತೆ

ಫೊಕಾಚಾ ಅನ್ನುವ ಇಟಲಿಯ ಬ್ರೆಡ್ಡಿಗೆ ಕಲಸಿದ ಹಿಟ್ಟು ಮೊದಲ ಸಲ ಉಬ್ಬಲೇ ಇಲ್ಲ. ಆರಿದ್ರಾ ಮಳೆ ಹಿಡಿದಿದ್ದ ದಿನ ಅದು. ನಾನು ನೋಡಿದ ವಿಡಿಯೋದಲ್ಲಿ ಹಿಟ್ಟನ್ನು ಒಂದು ಗಂಟೆ ಬೆಚ್ಚಗಿನ ಜಾಗದಲ್ಲಿಡಿ ಅಂತ ಹೇಳಿದ್ದರು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ಜೂನ್ ಕೊನೆಯಲ್ಲಿ ಇಲ್ಲಿ ಬೆಚ್ಚಗಿರುವುದು ಬಚ್ಚಲ ಒಲೆಯ ಪಕ್ಕ ಮಾತ್ರ, ಹಾಗಾಗಿ ಪಾತ್ರೆಯನ್ನು ಅಲ್ಲೇ ಹಂಡೆಗೆ ಒತ್ತಿ ಇಟ್ಟೆ. ಒಂದು ಬದಿಯ ಹಿಟ್ಟು ಬೆಂದು ಅಂಟಿಕೊಂಡಿತ್ತು, ಇನ್ನೊಂದು ಬದಿ ತಣ್ಣಗೆ ಹಾಗೇ ಕೂತಿತ್ತು.

ಅತ್ತೆ ಬಂದು ನೋಡಿದರು. "ದೋಸೆ ಹಿಟ್ಟಿಗೆ ಈ ಮಳೇಲಿ ಒಂದು ಗಂಟೆ ಸಾಕಾಗ್ತದೇನೆ? ರಾತ್ರಿ ಪೂರ್ತಿ ಬಿಡು, ತಾನೇ ಬರ್ತದೆ" ಅಂದರು.

ನನಗೆ ದಾರಿ ಸಿಕ್ಕಿದ್ದು ಆ ಮಾತಿನಿಂದ. ಬೆಚ್ಚಗೆ ಮಾಡುವುದಕ್ಕೆ ಒದ್ದಾಡುವ ಬದಲು ತಂಪಿನಲ್ಲೇ ನಿಧಾನವಾಗಿ ಬರಲಿ ಅಂತ ಬಿಟ್ಟೆ. ಇಟಲಿಯವರು ಮಾಡುವುದೂ ಹೆಚ್ಚುಕಮ್ಮಿ ಹೀಗೇ ಅಂತ ಆಮೇಲೆ ಓದಿ ತಿಳಿಯಿತು. ಚೂರೇ ಚೂರು ಈಸ್ಟ್ ಹಾಕಿ, ತಣ್ಣಗಿನ ಕೋಣೆಯಲ್ಲಿ ಹತ್ತಾರು ಗಂಟೆ ಇಟ್ಟರೆ ರುಚಿ ಹೆಚ್ಚು. ಬೇಗ ಉಬ್ಬಿಸಿದ ಹಿಟ್ಟಿನಲ್ಲಿ ಬರೀ ಈಸ್ಟ್ ವಾಸನೆ ಇರುತ್ತದೆ, ಗೋಧಿಯ ಸಿಹಿ ಬರುವುದಿಲ್ಲ.

ಫೊಕಾಚಾ ಅಂದರೆ ಒಂದೂವರೆ ಇಂಚಿನಷ್ಟು ದಪ್ಪದ, ಮೇಲೆಲ್ಲ ಬೆರಳಿನ ಗುಳಿಗಳಿರುವ, ಆಲಿವ್ ಎಣ್ಣೆ ಹಾಕಿ ಬೇಯಿಸುವ ಚಪ್ಪಟೆ ಬ್ರೆಡ್. ಇಟಲಿಯ ಕಡಲ ತೀರದ ಲಿಗೂರಿಯಾ ಸೀಮೆಯದ್ದು, ಅದರಲ್ಲೂ ಜೆನೋವಾ ಊರಿನದ್ದು ತುಂಬಾ ಹೆಸರುವಾಸಿ. ಲ್ಯಾಟಿನ್ನಿನಲ್ಲಿ 'ಫೋಕುಸ್' ಅಂದರೆ ಒಲೆ, ಫೊಕಾಚಾ ಅನ್ನುವ ಹೆಸರು ಬಂದಿದ್ದು ಅದರಿಂದಲೇ. ಒಲೆಯ ರೊಟ್ಟಿ ಅಂತ ಇಟ್ಟುಕೊಳ್ಳಿ. ಹೊಸಬರಿಗೆ ಇದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಉದ್ದ ಬ್ರೆಡ್ಡಾದರೆ ಆಕಾರ ಕಟ್ಟಬೇಕು, ಬ್ಲೇಡಿನಿಂದ ಗೀರಬೇಕು, ಬೇಯುವಾಗ ಆವಿ ಕೊಡಬೇಕು. ಇದಕ್ಕೆ ಅವು ಯಾವುದೂ ಬೇಡ, ತಟ್ಟೆಗೆ ಸುರಿದರೆ ಆಯಿತು.

ಈಗ ನಾನು ಮಾಡುವ ಲೆಕ್ಕ ಇದು. 400 ಗ್ರಾಂ ಮೈದಾ, 280 ಗ್ರಾಂ ನೀರು, 8 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಈಸ್ಟ್, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ. ತಟ್ಟೆಗೂ ಮೇಲಕ್ಕೂ ಹಾಕುವ ಎಣ್ಣೆ ಬೇರೆ. ದಯವಿಟ್ಟು ತಕ್ಕಡಿ ಬಳಸಿ. ಒಂದೇ ಲೋಟದಲ್ಲಿ ಅಳೆದರೂ ಮೈದಾ ಒಂದು ಸಲ 120 ಗ್ರಾಂ ಬಂದರೆ ಇನ್ನೊಂದು ಸಲ 150 ಬರುತ್ತದೆ, ಒತ್ತಿ ತುಂಬಿದ್ದೀರೋ ಸುಮ್ನೆ ಸುರಿದಿದ್ದೀರೋ ಅನ್ನುವುದರ ಮೇಲೆ ಹೋಗುತ್ತದೆ. ವಿಡಿಯೋಗಳಲ್ಲಿ 400ಕ್ಕೆ 320 ಗ್ರಾಂ ನೀರು ಹಾಕುತ್ತಾರೆ, ಅದನ್ನು ನಂಬಿ ಹಾಕಿದಾಗ ನನ್ನ ಹಿಟ್ಟು ನೀರುದೋಸೆ ಹುಯ್ಯುವ ಹಾಗಿತ್ತು. ನಮ್ಮ ಮೈದಾ ಅವರ ಬ್ರೆಡ್ ಹಿಟ್ಟಿನಷ್ಟು ನೀರು ಹಿಡಿಯುವುದಿಲ್ಲ, ಅದರಲ್ಲಿ ಪ್ರೋಟೀನ್ ಕಡಿಮೆ. ಮೇಲಾಗಿ ಮಳೆಗಾಲದಲ್ಲಿ ಡಬ್ಬಿಯ ಹಿಟ್ಟೇ ತೇವ ಎಳೆದುಕೊಂಡಿರುತ್ತದೆ. ಅದಕ್ಕೇ ನೀರನ್ನು ಎರಡು ಸಲ ಹಾಕಿ, ಕೊನೆಯ 20 ಗ್ರಾಂ ಬೇಕೋ ಬೇಡವೋ ಅನ್ನುವುದು ಕೈಗೆ ಗೊತ್ತಾಗುತ್ತದೆ.

ಈಸ್ಟ್ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಮರ ಬಿದ್ದರೆ ಎರಡು ದಿನ ಕರೆಂಟ್ ಇರುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ಪ್ಯಾಕೆಟ್ ತೇವ ಹಿಡಿದು ಸತ್ತಿರಬಹುದು. ಅನುಮಾನ ಬಂದರೆ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ, ಸ್ವಲ್ಪ ಈಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಜೀವ ಇದೆ. ಕೈ ಸುಡುವ ನೀರು ಮಾತ್ರ ಬೇಡ, 60 ಡಿಗ್ರಿ ಮುಟ್ಟಿದರೆ ಈಸ್ಟ್ ಸಾಯುತ್ತದೆ.

ರಾತ್ರಿ ಊಟ ಆದ ಮೇಲೆ ಎಲ್ಲ ಕಲಸುತ್ತೇನೆ. ಚಪಾತಿ ಹಿಟ್ಟಿನ ಹಾಗೆ ನಾದುವುದಿಲ್ಲ. ಅರ್ಧ ಗಂಟೆ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಒಂದು ಅಂಚನ್ನು ಹಿಡಿದು ಮೇಲಕ್ಕೆ ಎಳೆದು ಮಧ್ಯಕ್ಕೆ ಮಡಚುತ್ತೇನೆ, ಪಾತ್ರೆ ತಿರುಗಿಸುತ್ತಾ ನಾಲ್ಕೂ ಕಡೆ ಹೀಗೇ. ಅರ್ಧರ್ಧ ಗಂಟೆ ಬಿಟ್ಟು ಮೂರು ಸಲ. ಮೊದಲ ಸಲ ಎಳೆದಾಗ ಹರಿಯುವ ಹಿಟ್ಟು ಮೂರನೇ ಸಲಕ್ಕೆ ಬಟ್ಟೆಯ ಹಾಗೆ ಬಗ್ಗುತ್ತದೆ, ಅದನ್ನು ಕೈಯಲ್ಲಿ ಹಿಡಿಯುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ದೋಸೆ ಹಿಟ್ಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ನೋಡಿ. ಇಲ್ಲಿ ಗಾಳಿಯನ್ನು ಹಿಡಿದಿಡುವುದು ಗೋಧಿಯ ಅಂಟು, ಎಳೆದು ಮಡಚಿದಷ್ಟೂ ಅದು ಬಲವಾಗುತ್ತದೆ.

ಆಮೇಲೆ ಪಾತ್ರೆ ಮುಚ್ಚಿ ಅಡುಗೆಮನೆಯ ನೆಲದ ಮೇಲೆ. ಮಳೆಗಾಲದ ರಾತ್ರಿ ನಮ್ಮ ಅಡುಗೆಮನೆ 21 ಡಿಗ್ರಿ ಇರುತ್ತದೆ, ಗೋಡೆಗೆ ನೇತುಹಾಕಿದ ಸಣ್ಣ ಥರ್ಮಾಮೀಟರ್ ನೋಡಿ ಹೇಳುತ್ತಿದ್ದೇನೆ. ಹತ್ತು ಗಂಟೆಯಲ್ಲಿ ಹಿಟ್ಟು ಎರಡು ಪಟ್ಟಿಗೂ ಜಾಸ್ತಿ ಬಂದು, ಮೇಲೆ ಗುಳ್ಳೆ ಎದ್ದು, ಪಾತ್ರೆ ಅಲುಗಿಸಿದರೆ ತುಳುಕುತ್ತದೆ. ಏಪ್ರಿಲ್‌ನಲ್ಲಿ ಇದೇ ಲೆಕ್ಕದಲ್ಲಿ ಮಾಡಿದಾಗ ಐದೇ ಗಂಟೆಯಲ್ಲಿ ಉಬ್ಬಿ, ಬೆಳಗಾಗುವಷ್ಟರಲ್ಲಿ ಕುಸಿದು ಹುಳಿ ವಾಸನೆ ಬಂದಿತ್ತು. ಅದಕ್ಕೇ ಇದು ನಮ್ಮ ಕಡೆ ಮಳೆಗಾಲದ ತಿಂಡಿ ಅನ್ನುತ್ತೇನೆ ನಾನು.

ಬೆಳಿಗ್ಗೆ ತಟ್ಟೆಗೆ ಧಾರಾಳವಾಗಿ ಎಣ್ಣೆ ಸವರಿ ಹಿಟ್ಟನ್ನು ಮೆಲ್ಲಗೆ ಜಾರಿಸಿ, ಗಂಟೆ ಒಂದೂವರೆ ಗಂಟೆ ಬಿಡಬೇಕು. ನಂತರ ಬೆರಳುಗಳಿಗೆ ಎಣ್ಣೆ ಹಚ್ಚಿಕೊಂಡು ತಟ್ಟೆಯ ತಳ ಮುಟ್ಟುವಷ್ಟು ಆಳಕ್ಕೆ ಗುಳಿ ಒತ್ತಿ. ಹೆದರಿ ಮೇಲೆ ಮೇಲೆ ಒತ್ತಿದರೆ ಬೇಯುವಾಗ ಗುಳಿ ಮುಚ್ಚಿಹೋಗುತ್ತದೆ. ಲಿಗೂರಿಯಾದಲ್ಲಿ ನೀರು, ಉಪ್ಪು, ಎಣ್ಣೆ ಕದಡಿ ಆ ಗುಳಿಗಳಿಗೆ ಹುಯ್ಯುತ್ತಾರೆ. ನಾನೂ ಮೂರು ಚಮಚ ನೀರು, ಎರಡು ಚಮಚ ಎಣ್ಣೆ, ಚಿಟಿಕೆ ಉಪ್ಪು ಕದಡಿ ಹಾಕುತ್ತೇನೆ. ಹಿಟ್ಟು ಹಾಳಾಗುತ್ತದೇನೋ ಅನ್ನಿಸುತ್ತದೆ, ಹಾಗಾಗುವುದಿಲ್ಲ, ಗುಳಿಯ ಜಾಗ ಬೆಂದ ಮೇಲೂ ಮೆತ್ತಗೆ ಉಳಿಯುತ್ತದೆ. ಮೇಲೆ ಈರುಳ್ಳಿ ಬಿಲ್ಲೆ ಹಾಕುವುದು ಅಲ್ಲಿಯೂ ಇದೆ. ನಾನು ಅದರ ಜೊತೆ ತೋಟದ ಕಾಳುಮೆಣಸು ಕುಟ್ಟಿ ಉದುರಿಸುತ್ತೇನೆ. ದೊಡ್ಡಪತ್ರೆಯನ್ನೂ ಹಾಕಿ ನೋಡಿದೆ, ವಾಸನೆ ಒರೆಗಾನೋಗೆ ಹತ್ತಿರ ಇದ್ದರೂ ಎಲೆ ನೀರು ಬಿಡುತ್ತದೆ, ಸಣ್ಣಗೆ ಹೆಚ್ಚಿ ಬಟ್ಟೆಯಲ್ಲಿ ಒತ್ತಿ ಹಾಕಬೇಕು. ಎಣ್ಣೆಯಲ್ಲಿ ಮಾತ್ರ ರಾಜಿ ಬೇಡ. ಕೊಬ್ಬರಿ ಎಣ್ಣೆ ಹಾಕಿದ ದಿನ ಬ್ರೆಡ್ ಏನೋ ಚೆನ್ನಾಗಿತ್ತು, ಆದರೆ ಅದು ಫೊಕಾಚಾ ಆಗಿರಲಿಲ್ಲ.

ಓಟಿಜಿ ಅನ್ನುವ ಕರೆಂಟಿನ ಸಣ್ಣ ಓವನ್ನಿನ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ 230 ಡಿಗ್ರಿಗೆ ಇಟ್ಟು, ಚೆನ್ನಾಗಿ ಕಾದ ಮೇಲೆ 20ರಿಂದ 25 ನಿಮಿಷ. ಇಲ್ಲಿ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆ. ಬೆಳಿಗ್ಗೆ ಕೆಂಪಗೆ ಬರುತ್ತಿದ್ದ ಬ್ರೆಡ್ ಸಂಜೆ ಮಾಡಿದರೆ ಅದೇ ಸಮಯಕ್ಕೆ ಬಿಳುಚಾಗಿ ಬರುತ್ತಿತ್ತು. ಕಾರಣ ವೋಲ್ಟೇಜ್. ಸಂಜೆ ನಮ್ಮ ಲೈನಿನಲ್ಲಿ 230 ವೋಲ್ಟ್ ಇರಬೇಕಾದದ್ದು 180ಕ್ಕೆ ಇಳಿಯುತ್ತದೆ. ರಾಡಿನ ಶಾಖ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಕಡಿಮೆಯಾಗುವುದರಿಂದ 1500 ವಾಟಿನ ಓವನ್ ಆಗ 920ರಷ್ಟೇ ಕೆಲಸ ಮಾಡುತ್ತದೆ. ಹಳ್ಳಿಯಲ್ಲಿರುವವರು ಓವನ್ ಒಳಗಿಡುವ ಥರ್ಮಾಮೀಟರ್ ಒಂದನ್ನು ತಗೊಳ್ಳಿ, ಗುಂಡಿಯ ಮೇಲಿನ ಸಂಖ್ಯೆಯನ್ನು ನಂಬಬೇಡಿ. ನಾನೀಗ ಬೆಳಿಗ್ಗೆ ಹತ್ತೂವರೆಗೆ ಬೇಯಿಸುತ್ತೇನೆ.

ಒಂದು ಸಲ ಒಳಗಿಟ್ಟು ಹನ್ನೆರಡು ನಿಮಿಷಕ್ಕೆ ಕರೆಂಟೇ ಹೋಯಿತು. ಬಾಗಿಲು ತೆಗೆಯದೆ ಕಾಲು ಗಂಟೆ ಹಾಗೇ ಬಿಟ್ಟೆ, ಒಳಗಿನ ಕಾವಿಗೇ ಬ್ರೆಡ್ ಬೆಂದಿತ್ತು, ಬಣ್ಣ ಮಾತ್ರ ಬಂದಿರಲಿಲ್ಲ. ದೋಸೆ ಕಾವಲಿ ಕಾಯಿಸಿ ಎರಡೂ ಬದಿ ಕೆಂಪಗೆ ಮಾಡಿದೆ. ಅವತ್ತಿನ ಬ್ರೆಡ್ಡೇ ಹೆಚ್ಚು ಗರಿಗರಿ ಅಂತ ಮಗಳು ಈಗಲೂ ಕೇಳಿ ಮಾಡಿಸಿಕೊಳ್ಳುತ್ತಾಳೆ.

ಬೆಂದ ಕೂಡಲೇ ತಟ್ಟೆಯಿಂದ ತೆಗೆಯಿರಿ, ಇಲ್ಲದಿದ್ದರೆ ತಳ ಬೆವರುತ್ತದೆ. ಬೆತ್ತದ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಆರಿಸುತ್ತೇನೆ. ಈ ಥಂಡಿಗೆ ಸಂಜೆಯೊಳಗೆ ಮೇಲ್ಪದರ ಮೆತ್ತಗಾಗುವುದು ಖಂಡಿತ, ಕಾವಲಿ ಮೇಲೆ ಎರಡು ನಿಮಿಷ ಇಟ್ಟರೆ ಸರಿಹೋಗುತ್ತದೆ.

ಈಗ ಚಬಾಟ್ಟಾ ಮಾಡಲು ಹೊರಟಿದ್ದೇನೆ. ಅದು ಹಳೆಯ ಕಾಲದ ಬ್ರೆಡ್ ಅಲ್ಲ, ವೆನೆಟೋ ಸೀಮೆಯ ಆದ್ರಿಯಾ ಊರಿನಲ್ಲಿ ಆರ್ನಾಲ್ಡೋ ಕವಲ್ಲಾರಿ ಎಂಬವರು 1982ರಲ್ಲಿ ರೂಪಿಸಿದ್ದು. ಹೆಸರಿನ ಅರ್ಥ ಚಪ್ಪಲಿ, ಆಕಾರ ಹಾಗಿರುತ್ತದೆ. ಅದಕ್ಕೆ ಹಿಂದಿನ ದಿನವೇ 'ಬೀಗಾ' ಅನ್ನುವ ಗಟ್ಟಿ ಹುದುಗು ಹಿಟ್ಟು ಮಾಡಿಡಬೇಕು. ನಿನ್ನೆ ರಾತ್ರಿ 200 ಗ್ರಾಂ ಮೈದಾ, 90 ಗ್ರಾಂ ನೀರು, ಚಿಟಿಕೆ ಈಸ್ಟ್ ಕಲಸಿ ನೆಲದ ಮೇಲಿಟ್ಟಿದ್ದೆ. ಬೆಳಿಗ್ಗೆ ನಾನು ಏಳುವ ಮೊದಲೇ ಅತ್ತೆ ಮುಚ್ಚಳ ತೆಗೆದು ಮೂಸಿ ನೋಡಿ, "ಇನ್ನೂ ಬಂದಿಲ್ಲ, ಮಧ್ಯಾಹ್ನದ ತನಕ ಮುಟ್ಟಬೇಡ" ಅಂತ ಹೇಳಿ ತೋಟಕ್ಕೆ ಹೋಗಿದ್ದಾರೆ.