ದರೆಯ ಮೇಲೊಂದು ಹೂದೋಟ

ಶೃಂಗೇರಿ ಸೀಮೆಯಲ್ಲಿರುವ ನಮ್ಮ ಮನೆಯ ಹಿತ್ತಲು 10 ಅಡಿ ಮುಂದೆ ಹೋದರೆ 6 ಅಡಿ ಕೆಳಗಿಳಿಯುವಷ್ಟು ಕಡಿದಾಗಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ, ಅಂಥ ದರೆಯ ಮೇಲೆ ಡೇರೆ ಹೂವು (ಡೇಲಿಯಾ), ದಾಸವಾಳ ಮತ್ತು ನಾಲ್ಕು ಬಗೆಯ ತರಕಾರಿ ಬೆಳೆಯಬೇಕೆಂದು ನಾನು ಹಟ ಹಿಡಿದೆ.

ಮೇ ತಿಂಗಳಲ್ಲಿ ಬುಡಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಜೂನ್ ಮುಗಿಯುವುದರೊಳಗೆ ಕೆಳಗಿನ ಬೇಲಿಯ ಸಾಲಿಗೆ ಹೋಗಿ ಸೇರುತ್ತಿತ್ತು. ಮಣ್ಣು ತೊಳೆದುಹೋಗಿ ಡೇರೆ ಗೆಡ್ಡೆಗಳು ಹೊರಗೆ ಕಾಣುತ್ತಿದ್ದವು. ಬೇಸಿಗೆಯಲ್ಲಿ ಪೈಪು ಹಿಡಿದರೆ ನೀರು ಇಂಗದೆ ಜಾರಿ, ಮೇಲಿನ ಗಿಡ ಬಾಡಿ ಕೆಳಗಿನದು ಕೊಳೆಯುತ್ತಿತ್ತು. ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ ಊರಿ ಕಳೆ ಕೀಳುವಾಗ ಅರ್ಧ ಗಂಟೆಗೇ ಸೊಂಟ ಹಿಡಿಯುತ್ತಿತ್ತು. ಹಾಗೆ ಬೇರುಸಮೇತ ಕಿತ್ತದ್ದರಿಂದಲೇ ಮಣ್ಣು ಇನ್ನಷ್ಟು ಸಡಿಲವಾಯಿತೆಂಬುದು ಬಹಳ ತಡವಾಗಿ ಅರ್ಥವಾಯಿತು. ಈಗ ಕತ್ತಿಯಲ್ಲಿ ಸವರಿ ಬೇರನ್ನು ನೆಲದಲ್ಲೇ ಬಿಡುತ್ತೇನೆ.

ಮೂರನೆಯ ವರ್ಷ ಕಟ್ಟಿಸಿದ 4 ಅಡಿ ಎತ್ತರದ ಸಿಮೆಂಟ್ ಗೋಡೆ ಎರಡನೆಯ ಮಳೆಗಾಲಕ್ಕೆ ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತು. ಹಿಂದೆ ತುಂಬಿದ ನೀರು ಹೊರಬರಲು ಅದರಲ್ಲಿ ಒಂದು ತೂತೂ ಇರಲಿಲ್ಲ. ಉಳಿಸಿಟ್ಟ ಹಣ ಹೋದದ್ದಕ್ಕಿಂತ, ಗೋಡೆಯ ಜೊತೆಗೆ ಹೋದ ಮೇಲ್ಮಣ್ಣು ನನಗೆ ಹೆಚ್ಚು ಸಂಕಟ ತಂದಿತು.

ಅನಂತರ ದರೆಗೆ ಅಡ್ಡಲಾಗಿ ಸಮಮಟ್ಟದ ಸಾಲು ಗುರುತಿಸಲು ಎರಡು ಬಿದಿರಿನ ಕೋಲುಗಳ ತುದಿ ಸೇರಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲೊಂದನ್ನು ನೇತುಹಾಕಿದೆ. ದಾರ ಅಡ್ಡಪಟ್ಟಿಯ ನಡುಗುರುತಿಗೆ ಬಂದು ನಿಂತರೆ ಎರಡೂ ಕಾಲು ಸಮಮಟ್ಟದಲ್ಲಿವೆ ಎಂದರ್ಥ. ಗಾಳಿಗೆ ಕಲ್ಲು ತೂಗಾಡುವುದು ನಿಲ್ಲುವವರೆಗೆ ಕಾದು, ಹೆಜ್ಜೆಗೊಂದು ಗೂಟ ಹೊಡೆಯುತ್ತ ಎರಡು ದಿನದಲ್ಲಿ ಐದು ಸಾಲು ಗುರುತು ಮಾಡಿದೆ. ಎಲ್ಲಕ್ಕಿಂತ ಮೇಲೆ, ಮನೆಯ ಮಾಡಿನ ನೀರೂ ಸೇರುವಂತೆ, 100 ಅಡಿಗೆ 1 ಅಡಿ ಇಳುಕಲಿನಲ್ಲಿ ಒಂದು ಅಗಳು ತೋಡಿ ಪಕ್ಕದ ಕಲ್ಲುಹಾಸಿನ ತೋಡಿಗೆ ತಿರುಗಿಸಿದೆ. ಇದನ್ನು ಮೊದಲ ವರ್ಷವೇ ಮಾಡಬೇಕಿತ್ತು. ಉಳಿದ ಸಾಲುಗಳಲ್ಲಿ ಜೂನ್ ಮೊದಲ ವಾರ ಮಣ್ಣು ತಡೆಯಲೆಂದು ಅರ್ಧ ಅಡಿಗೊಂದರಂತೆ ಲಾವಂಚದ ಹುಲ್ಲಿನ ಬುಡ ನೆಟ್ಟೆ. ಅದರ ಬೇರು ಅಡ್ಡ ಹರಡದೆ ನೇರ ಕೆಳಗಿಳಿಯುವುದರಿಂದ ಪಕ್ಕದ ಡೇರೆಯ ಗೊಬ್ಬರಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಬಿದ್ದ ಗೋಡೆಯ ಜಾಗದಲ್ಲಿ ಗಾರೆಯಿಲ್ಲದೆ, ದರೆಯ ಕಡೆಗೆ ವಾಲಿಸಿ ಕಾಡುಕಲ್ಲಿನ ಕಟ್ಟಣೆ ಕಟ್ಟಿದ್ದೇನೆ. ಸಂದುಗಳಲ್ಲಿ ನೀರು ಜಿನುಗುತ್ತದೆ, ಕಲ್ಲು ಕದಲಿಲ್ಲ.

ಕೆಳಗೆ ಸೇರಿದ ಮಣ್ಣನ್ನು ಪ್ರತಿ ನವೆಂಬರಿನಲ್ಲಿ ಬುಟ್ಟಿಯಲ್ಲಿ ಹೊತ್ತು ಮೇಲೇರಿಸುವ ಕೆಲಸ ಇನ್ನೂ ತಪ್ಪಿಲ್ಲ. ಮೊದಲು 40 ಬುಟ್ಟಿಗೂ ಮುಗಿಯುತ್ತಿರಲಿಲ್ಲ, ಕಳೆದ ವರ್ಷ 11 ಆಯಿತು. ಅತಿ ಮೇಲಿನ ಸಾಲಿನಲ್ಲಿ ಮಾತ್ರ ಡೇರೆ ಈಗಲೂ ನಿಲ್ಲುತ್ತಿಲ್ಲ. ಈ ಸಲ ಅಲ್ಲಿ ತರಗೆಲೆ ದಪ್ಪಕ್ಕೆ ಹೊದಿಸಿ ದಾಸವಾಳದ ಕಡ್ಡಿ ಊರಿದ್ದೇನೆ.