ಚೋರ್ಲಾ ಘಾಟ್: ವಾಪಸ್ ಬರುವ ಲೆಕ್ಕ

ಬೆಳಗಾವಿಯಿಂದ ಗೋವಾ ಕಡೆ ಸೈಕಲ್ ಹೊಡೆಯುವವರಿಗೆ ಒಂದು ವಿಚಿತ್ರ ಕಷ್ಟ ಇದೆ. ಘಟ್ಟದ ಕೆಳಗಿನವರು ಬೆಳಿಗ್ಗೆ ಕಾಲಲ್ಲಿ ಕಸುವಿದ್ದಾಗ ಹತ್ತುತ್ತಾರೆ, ಸಂಜೆ ಇಳಿದು ಮನೆ ಸೇರುತ್ತಾರೆ. ನಮ್ಮದು ಉಲ್ಟಾ. ನಮ್ಮ ಊರೇ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ. ಮೊದಲು ಮಜಾ ಮಾಡುತ್ತಾ ಇಳಿಯುತ್ತೇವೆ, ದಣಿದ ಮೇಲೆ ಹತ್ತುತ್ತೇವೆ. ಇದು ನನಗೆ ಗೊತ್ತಿತ್ತು. ಆದರೂ ಮೊದಲ ಸಲ ಪೆಟ್ಟು ತಿಂದೆ.

ಆ ಸಲ ನಾನು ಮತ್ತು ನನ್ನ ದೋಸ್ತ ಒಂದೇ ದಿನದಲ್ಲಿ ಹೋಗಿ ಬರುವುದೆಂದು ಹೊರಟಿದ್ದೆವು. ಪೀರನವಾಡಿಯಲ್ಲಿ ಖಾನಾಪುರ ರಸ್ತೆ ಬಿಟ್ಟು ಬಲಕ್ಕೆ ತಿರುಗಿ ಕಿಣಯೆ, ಜಾಂಬೋಟಿ, ಕಣಕುಂಬಿ, ಚೋರ್ಲಾ. ಅಲ್ಲಿಂದ ಘಾಟ್ ಇಳಿದರೆ ಗೋವಾದ ಕೇರಿ ಎಂಬ ಊರು. ಹೋಗಿ ಬಂದರೆ 130-140 ಕಿಲೋಮೀಟರ್. ಅಷ್ಟು ದೂರ ಬಯಲಲ್ಲಿ ಎಷ್ಟೋ ಸಲ ಹೊಡೆದಿದ್ದೆವು, ಇದೇನು ಮಹಾ ಅಂದುಕೊಂಡೆವು. ದೋಸ್ತ ಎದ್ದಿದ್ದು ತಡ, ಹೊರಟಾಗ ಎಂಟು ಗಂಟೆ. ಕೆಳಗೆ ಹೋಗಿ ಹೊಟ್ಟೆ ತುಂಬ ಮೀನೂಟ ಹೊಡೆದೆವು. ಮತ್ತೆ ಹತ್ತಲು ಶುರು ಮಾಡಿದಾಗ ಮಧ್ಯಾಹ್ನ ಒಂದು ದಾಟಿತ್ತು.

ಮುಂದಿನದು ಹೇಳಲು ನಾಚಿಕೆ. ಅರ್ಧ ಘಾಟ್‌ನಲ್ಲಿ ನೀರು ಖಾಲಿ. ಬಿಸಿಲು ಬೆನ್ನಿಗೆ ಕಾಯಿಸಿದ ಹಂಚು ಒತ್ತಿದ ಹಾಗೆ. ಎಡತೊಡೆ ಹಿಡಿದುಕೊಂಡಿತು, ಸೈಕಲ್ ಇಳಿಯಲೂ ಆಗುತ್ತಿಲ್ಲ. ಗೋವಾಕ್ಕೆ ತರಕಾರಿ ಇಳಿಸಿ ಖಾಲಿ ವಾಪಸ್ ಬರುತ್ತಿದ್ದ ಒಂದು ಟೆಂಪೋ ನಿಂತಿತು. ಡ್ರೈವರ್ ನಮ್ಮ ಸೈಕಲ್ ನೋಡಿ, "ನಾವು ಡೀಸೆಲ್ ಸುಟ್ಟ ಹತ್ತತೀವ್ರಿ ಸರ, ನೀವು ಜೀವಾನ ಸುಡಾಕತ್ತೀರಲ್ಲ!" ಅಂದ. ಹಿಂದೆ ಕೊತ್ತಂಬರಿ ವಾಸನೆಯ ಖಾಲಿ ಕ್ರೇಟ್‌ಗಳ ಮೇಲೆ ಕೂತು ಬೆಳಗಾವಿಗೆ ಬಂದೆವು. ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಮರುವರ್ಷ ಡಿಸೆಂಬರ್‌ನಲ್ಲಿ ಮತ್ತೆ ಪ್ಲಾನ್ ಮಾಡಿದೆ. ಈ ಸಲ ಲೆಕ್ಕವನ್ನು ಕೊನೆಯಿಂದ ಶುರು ಮಾಡಿದೆ. ಘಾಟ್ ಹತ್ತುವುದು ಎಷ್ಟು ಹೊತ್ತಿಗೆ, ಎಂಥ ಕಾಲಲ್ಲಿ? ಅದನ್ನು ಮೊದಲು ಬರೆದುಕೊಂಡೆ, ಮಿಕ್ಕಿದ್ದೆಲ್ಲ ಅದರ ಸುತ್ತ.

ಕೇರಿಯಿಂದ ಚೋರ್ಲಾದ ಮೇಲಿನವರೆಗೆ ಸುಮಾರು 700 ಮೀಟರ್ ಎತ್ತರ ಏರಬೇಕು. ನಾನು ಗಂಟೆಗೆ ಎಷ್ಟು ಎತ್ತರ ಹತ್ತಬಲ್ಲೆ ಅಂತ ತಿಳಿಯಲು ಭಾನುವಾರಗಳಲ್ಲಿ ಯಳ್ಳೂರಿನ ರಾಜಹಂಸಗಡಕ್ಕೆ ಹೋದೆ. ಒಂದೇ ಸಲ ಹತ್ತಿ ಇಳಿದರೆ ಏನೂ ಗೊತ್ತಾಗುವುದಿಲ್ಲ. ಬಿಡದೆ ಮೂರು ಸಲ ಹತ್ತಬೇಕು, ಆಗ ಬಣ್ಣ ಬಯಲಾಗುತ್ತದೆ. ನನ್ನ ವೇಗ ಗಂಟೆಗೆ 400 ಮೀಟರ್ ಹತ್ತಿರ ಬಂತು. ಅಂದರೆ ಘಾಟ್‌ಗೆ ಒಂದೂ ಮುಕ್ಕಾಲು ಗಂಟೆ. ನಿಂತು ನೀರು ಕುಡಿಯುವುದು ಸೇರಿ ಎರಡು ಗಂಟೆ ಹಿಡಿದೆ.

ಹೊತ್ತು ಯಾವುದು? ಬೆಳಿಗ್ಗೆನೇ. ಗೋವಾ ಕಡೆಯಿಂದ ಹತ್ತುವಾಗ ಗುಡ್ಡ ಪೂರ್ವಕ್ಕೆ ಅಡ್ಡ ನಿಂತಿರುತ್ತದೆ, ಒಂಬತ್ತರವರೆಗೂ ರಸ್ತೆಯ ಬಹುಭಾಗ ನೆರಳಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನೇರ ಅದೇ ಇಳಿಜಾರಿಗೆ ಹೊಡೆಯುತ್ತದೆ. ಮೊದಲ ಸಲ ನಾವು ಸರಿಯಾಗಿ ಅದೇ ಹೊತ್ತು ಆರಿಸಿಕೊಂಡಿದ್ದೆವು! ಹಾಗಂತ ಕತ್ತಲಲ್ಲಿ ಹೊರಡುವಂತೆಯೂ ಇಲ್ಲ. ಇತ್ತ ಭೀಮಗಡ, ಅತ್ತ ಮಹದಾಯಿ ಅಭಯಾರಣ್ಯ. ಕಾಡುಕೋಣ, ಕರಡಿ ಇರುವ ಕಾಡು. ಸದ್ದಿಲ್ಲದ ಸೈಕಲ್ ತಿರುವಿನಲ್ಲಿ ಕಾಡುಕೋಣದ ಮುಂದೆ ಹೋಗಿ ನಿಂತರೆ ಆಮೇಲೆ ಗೇರ್ ಯಾವುದಿದ್ದರೂ ಅಷ್ಟೇ.

ಹೀಗಾಗಿ ಎರಡು ದಿನದ ಪ್ಲಾನ್ ಆಯಿತು. ಶನಿವಾರ ಆರಾಮಾಗಿ ಇಳಿದು, ಕೇರಿಯ ಮುಂದಿನ ಸಾಂಖಳಿಯಲ್ಲಿ ರೂಮು. ಭಾನುವಾರ ಬೆಳಕು ಹರಿಯುತ್ತಲೇ ಹೊರಡುವುದು. ಭಾನುವಾರದ ಬೆಳಗ್ಗೆ ಮೇಲೆ ಬರುವ ಗಾಡಿಗಳೂ ಕಡಿಮೆ. ಗೋವಾ ಮುಗಿಸಿದವರೆಲ್ಲ ಸಂಜೆ ಮುಂದೆ ಹತ್ತುತ್ತಾರೆ, ಆಗ ಆ ತಿರುವುಗಳಲ್ಲಿ ಸೈಕಲ್‌ನವನನ್ನು ಕೇಳುವವರೇ ಇಲ್ಲ.

ಗೇರ್ ವಿಷಯದಲ್ಲಿ ಜಂಬ ಬಿಟ್ಟೆ. ನನ್ನ ಸೈಕಲ್‌ಗೆ ಮುಂದೆ ಸಣ್ಣ ಚಕ್ರ 34 ಹಲ್ಲಿನದು, ಹಿಂದೆ ದೊಡ್ಡದು 28. ಘಾಟ್‌ನಲ್ಲಿ ವೇಗ ಗಂಟೆಗೆ ಎಂಟು ಕಿಲೋಮೀಟರ್‌ಗೆ ಬಿದ್ದರೆ ಪೆಡಲ್ ನಿಮಿಷಕ್ಕೆ ಐವತ್ತು ಸುತ್ತು ಚಿಲ್ಲರೆ ಮಾತ್ರ ತಿರುಗುತ್ತದೆ. ಪ್ರತಿ ಸುತ್ತೂ ಮೊಣಕಾಲಿನ ಮೇಲೇ ಭಾರ. ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್, ಬದಲಿಸಿ ದೊಡ್ಡ ಚಕ್ರ 34 ಹಲ್ಲಿನದು ಹಾಕಿಸಿದೆ. ಈಗ ಅದೇ ವೇಗದಲ್ಲಿ ಅರವತ್ತರ ಮೇಲೆ ತಿರುಗುತ್ತದೆ. ಕ್ಯಾಸೆಟ್ ಒಂದೇ ಬದಲಿಸಿದರೆ ಸಾಲಲಿಲ್ಲ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಉದ್ದ ತೋಳಿನದು ಬೇಕಾಯಿತು, ಚೈನೂ ಹೊಸದು. ಖರ್ಚು ಜಾಸ್ತಿ ಆಯಿತು. ಟೈರ್ 25ರ ಬದಲು 28 ಮಿಲಿಮೀಟರ್, ಗಾಳಿಯೂ ಸ್ವಲ್ಪ ಕಡಿಮೆ. ಜಾಂಬೋಟಿ ರಸ್ತೆಯ ಕುಳಿಗಳನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ ಅಲ್ವಾ?

ತಿನ್ನಲು ಗೋಕಾಕ ಕರದಂಟು. ಪೇಟೆಯಲ್ಲಿ ಸಿಗುವ ಎನರ್ಜಿ ಬಾರ್ ನನಗೆ ಸೇರುವುದಿಲ್ಲ. ಅಂಟು, ಬೆಲ್ಲ, ಕೊಬ್ಬರಿ, ಗೋಡಂಬಿ ಎಲ್ಲಾ ಇದರಲ್ಲೇ ಇದೆಯಲ್ಲ! ಹಿಂದಿನ ರಾತ್ರಿಯೇ ಅಡಿಕೆಯಷ್ಟು ಚೂರು ಮಾಡಿ ಬೆಣ್ಣೆ ಕಾಗದದಲ್ಲಿ ಸುತ್ತಿಟ್ಟುಕೊಂಡೆ. ದೊಡ್ಡ ತುಂಡು ಬಾಯಿಗೆ ಹಾಕಿಕೊಂಡರೆ ಏರಿನಲ್ಲಿ ಅಗಿಯುವುದೋ ಉಸಿರಾಡುವುದೋ ಅನ್ನುವ ಗತಿ. ಅರ್ಧ ಗಂಟೆಗೊಂದು ಚೂರು. ಎರಡು ಬಾಟಲಿ ನೀರು, ಒಂದರಲ್ಲಿ ಓಆರ್‌ಎಸ್.

ಶನಿವಾರ ಕಣಕುಂಬಿಯಲ್ಲಿ ಚಹಾಕ್ಕೆ ನಿಂತೆವು. ಮಲಪ್ರಭಾ ಹುಟ್ಟುವುದು ಈ ಊರಲ್ಲೇ. ಇಲ್ಲಿ ಹುಟ್ಟಿದ ನೀರು ಪೂರ್ವಕ್ಕೆ 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಸ್ವಲ್ಪ ಆಚೆ ಬಿದ್ದ ಮಳೆ ಮಹದಾಯಿಗೆ ಸೇರಿ ಅರಬ್ಬಿ ಸಮುದ್ರಕ್ಕೆ. ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಇದೂ ಒಂದು. ಮಳೆಗಾಲದಲ್ಲಿ ಈ ಕಡೆ ಸೈಕಲ್ ತರಬೇಡಿ. ಫೋಟೋ ಚೆಂದ ಬರುತ್ತದೆ, ನಿಜ. ಆದರೆ ಮಂಜು, ಪಾಚಿ, ಮೇಲಿಂದ ಜಾರುವ ಮಣ್ಣು ಎಲ್ಲಾ ಒಟ್ಟಿಗೆ ಬರುತ್ತವೆ.

ಇಳಿಯುವಾಗ ಬ್ರೇಕ್ ಒತ್ತಿ ಹಿಡಿದುಕೊಂಡೇ ಹೋಗಬಾರದು. ರಿಮ್ ಬ್ರೇಕ್ ಆದರೆ ರಿಮ್ ಕಾಯುತ್ತದೆ, ಟ್ಯೂಬ್‌ಗೆ ಅಪಾಯ. ತಿರುವಿಗೆ ಮೊದಲೇ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡುವುದು ನನ್ನ ರೂಢಿ. ನಡುವೆ ಎರಡು ಸಲ ನಿಂತು ರಿಮ್‌ಗೆ ಬೆರಳು ತಾಗಿಸಿ ನೋಡಿದೆ. ಎರಡನೇ ಸಲ ಚುರ್ ಅಂತು. ಐದು ನಿಮಿಷ ಅಲ್ಲೇ ಕೂತೆ. ಕೆಳಗೆ ಅಂಜುಣೆ ಡ್ಯಾಮಿನ ನೀರು ಕಾಣುತ್ತಿತ್ತು, ಕೂರುವುದಕ್ಕೆ ಬೇಜಾರೇನೂ ಆಗಲಿಲ್ಲ.

ಭಾನುವಾರ ಕೇರಿ ಬಿಟ್ಟಾಗ ಏಳು ಗಂಟೆ. ಮೊದಲ ಅರ್ಧ ಗಂಟೆ ಬೇಕಂತಲೇ ನಿಧಾನ ಹೊಡೆದೆ. ದೋಸ್ತ ಮುಂದೆ ಹೋದ, ಹೋಗಲಿ ಅಂದೆ. ನಡುಘಾಟ್‌ನಲ್ಲಿ ರಸ್ತೆ ಪಕ್ಕ ಕೂತಿದ್ದ. "ಏ, ಇನ್ನ ಎಷ್ಟ ಐತೋ?" ಅಂದ. ಅವನ ಕೈಗೆ ಒಂದು ಚೂರು ಕರದಂಟು ಇಟ್ಟೆ. ಮೇಲೆ ಮುಟ್ಟಿದಾಗ ಒಂಬತ್ತೂ ಹತ್ತು. ಬಾಟಲಿಯಲ್ಲಿ ಇನ್ನೂ ನೀರಿತ್ತು.

ನನ್ನ ಪ್ಲಾನ್‌ನಲ್ಲಿ ತಪ್ಪಿದ್ದು ಇದರ ಮುಂದಿನ ಭಾಗ. ಘಾಟ್ ಮುಗಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಚೋರ್ಲಾದಿಂದ ಬೆಳಗಾವಿಗೆ ಇನ್ನೂ 50 ಕಿಲೋಮೀಟರ್, ಅದೂ ಏರಿಳಿತ. ಜೊತೆಗೆ ಪೂರ್ವದಿಂದ ಚಳಿಗಾಲದ ಎದುರುಗಾಳಿ. ಒಂದು ಗಂಟೆ ಜಾಸ್ತಿ ಹಿಡಿಯಿತು. ಕಿಣಯೆ ಹತ್ತಿರ ಒಂದು ಸಣ್ಣ ಏರಿನಲ್ಲಿ ಇಳಿದು ತಳ್ಳಿಕೊಂಡು ಬಂದೆವು. ಇದನ್ನು ದೋಸ್ತ ಯಾರಿಗೂ ಹೇಳಬೇಡ ಅಂದಿದ್ದಾನೆ.

ಮನೆ ಬಾಗಿಲಲ್ಲಿ ಸೈಕಲ್ ನಿಲ್ಲಿಸುತ್ತಿದ್ದೆ. ಹೆಂಡತಿ ಹೊರಗೆ ಬಂದು ನನ್ನನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿದಳು. "ಈ ಸಲ ಟೆಂಪೋದಾವಂಗ ಎಷ್ಟ ಕೊಟ್ರಿ?"