ಮೊದಲು ನಡು, ಆಮೇಲೆ ನಡಿಗೆ

ನನಗೆ ಸ್ಟ್ರೋಕ್ ಆಗಿದ್ದು 2019ರಲ್ಲಿ. ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡು ಎಡಗೈ, ಎಡಗಾಲು ಎರಡೂ ಸ್ವಾಧೀನ ತಪ್ಪಿದವು. ಮೊದಲ ಆರು ತಿಂಗಳು ಫಿಸಿಯೋ ಮನೆಗೇ ಬರುತ್ತಿದ್ದರು. ಕೋಲು ಹಿಡಿದು ನಡೆಯುವಷ್ಟಾಯಿತು. ಆಮೇಲೆ ಎಲ್ಲರದ್ದೂ ಒಂದೇ ಮಾತು: ‘ಆರು ತಿಂಗಳಲ್ಲಿ ಬಂದದ್ದೇ ಬಂತು, ಇನ್ನು ಇಷ್ಟೇ.’ ಮೂರು ವರ್ಷ ನಾನೂ ಅದನ್ನೇ ನಂಬಿದ್ದೆ.

ಹಾಗಂತ ಸುಮ್ನೆ ಕೂತಿರಲಿಲ್ಲ. ಕೈಯಾದರೂ ಸರಿಹೋಗಲಿ ಅಂತ ರಬ್ಬರ್ ಚೆಂಡು ಹಿಂಡಿದ್ದೇ ಹಿಂಡಿದ್ದು. ಯಾರೋ ಹೇಳಿದರು ಅಂತ ಬಾಗಿಲಿಗೆ ರಾಟೆ ಕಟ್ಟಿ, ಬಲಗೈಯಿಂದ ಹಗ್ಗ ಎಳೆದು ಎಡಗೈಯನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದೆ. ಬೆರಳುಗಳು ಇನ್ನಷ್ಟು ಮುದುಡಿದವು. ಭುಜ ನೋವು ಹಿಡಿಯಿತು. ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು.

2022ರಲ್ಲಿ ಮಗಳು ಇನ್ನೊಬ್ಬ ಫಿಸಿಯೋ ಹತ್ತಿರ ಕರೆದುಕೊಂಡು ಹೋದಳು. ಅವರು ಪಿಲಾಟೀಸ್ ಅನ್ನುವ ವ್ಯಾಯಾಮ ಪದ್ಧತಿ ಕಲಿತವರು. ಅದೆಲ್ಲ ಸಿನಿಮಾದವರು ಮಾಡುವ ವ್ಯಾಯಾಮ ಅಂದುಕೊಂಡಿದ್ದೆ. ಅದನ್ನು ಶುರು ಮಾಡಿದ ಜೋಸೆಫ್ ಪಿಲಾಟೀಸ್ ಅನ್ನುವವರು ಜರ್ಮನಿಯವರು, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಂಧನದಲ್ಲಿಟ್ಟಿದ್ದರು. ಅಲ್ಲಿ ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗ್ ಕಟ್ಟಿ ವ್ಯಾಯಾಮ ಮಾಡಿಸುತ್ತಿದ್ದರಂತೆ. ಇದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಮಲಗಿದವರಿಗೂ ಇದರಲ್ಲಿ ಜಾಗ ಇದೆ ಅಲ್ವಾ?

ಈ ಫಿಸಿಯೋ ಮೊದಲ ದಿನ ನನ್ನ ಕೈ ಮುಟ್ಟಲೇ ಇಲ್ಲ. ಸ್ಟೂಲಿನ ಮೇಲೆ ಕೂರಿಸಿ ಎದುರಿಗೆ ಕನ್ನಡಿ ಇಟ್ಟರು. ನಾನು ನೆಟ್ಟಗೆ ಕೂತಿದ್ದೇನೆ ಅಂದುಕೊಂಡಿದ್ದೆ. ನೋಡಿದರೆ ಮೈಯೆಲ್ಲ ಬಲಕ್ಕೆ ವಾಲಿತ್ತು. ‘ನಡುವೇ ನಿಲ್ಲದಿದ್ದರೆ ಕೈಕಾಲು ಏನು ಮಾಡುತ್ತೆ ಸರ್?’ ಅಂದರು.

ಶುರು ಮಾಡಿದ್ದು ಉಸಿರಿನಿಂದ. ಗಟ್ಟಿ ಮಂಚದ ಮೇಲೆ ತೆಳು ಹಾಸಿಗೆ, ಅಂಗಾತ ಮಲಗಿ ಎರಡೂ ಮಂಡಿ ಮಡಚುವುದು. ಎಡ ಮಂಡಿ ಹೊರಕ್ಕೆ ಬಿದ್ದುಹೋಗುತ್ತಿತ್ತು. ಅದಕ್ಕೆ ಮಂಡಿಗಳ ನಡುವೆ ಮಕ್ಕಳ ಪ್ಲಾಸ್ಟಿಕ್ ಚೆಂಡು, ಸ್ವಲ್ಪ ಗಾಳಿ ತೆಗೆದದ್ದು. ಪಾದ ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ತುಂಡು. ಮೂಗಿನಿಂದ ಉಸಿರು ತೆಗೆದುಕೊಂಡು ಪಕ್ಕೆ ಅಗಲ ಮಾಡಬೇಕು. ಬಾಯಿಂದ ಬಿಡುತ್ತಾ ಹೊಕ್ಕುಳನ್ನು ಮೆಲ್ಲಗೆ ಒಳಗೆಳೆಯಬೇಕು. ಮೂರು ವಾರ ಇಷ್ಟೇ. ಇದೇನು ವ್ಯಾಯಾಮ ಅನ್ನಿಸಿತ್ತು. ಆದರೆ ಕಷ್ಟ ಬಂದಾಗಲೆಲ್ಲ ಉಸಿರು ಕಟ್ಟುವ ಅಭ್ಯಾಸ ನನಗಿತ್ತು. ಹಾಗೆ ಉಸಿರು ಕಟ್ಟಿ ತಿಣುಕಿದರೆ ಬಿಪಿ ಏರುತ್ತದೆ. ನಮ್ಮಂಥವರಿಗೆ ಅದು ಆಗಬಾರದು.

ಆಮೇಲೆ ಸೊಂಟ ಎತ್ತುವುದು. ಒಮ್ಮೆಗೇ ಅಲ್ಲ, ಬೆನ್ನುಮೂಳೆಯನ್ನು ಜಪಮಾಲೆಯ ಹಾಗೆ ಮಣಿ ಮಣಿಯಾಗಿ ಎತ್ತಿ, ಮಣಿ ಮಣಿಯಾಗಿಯೇ ಇಳಿಸಬೇಕು. ಇಳಿಸುವುದೇ ಜಾಸ್ತಿ ಕಷ್ಟ. ನನ್ನ ಬಲಗಾಲು ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು. ಅವರು ಬಲಪಾದವನ್ನು ಒಂದು ಗೇಣು ಮುಂದಕ್ಕೆ ಇಡಿಸಿದರು. ಆಗ ಎಡಗಾಲಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ಮೂರು ಸಲ ಎತ್ತುವಷ್ಟರಲ್ಲಿ ತೊಡೆ ನಡುಗಿತು. ಮೂರು ವರ್ಷದಲ್ಲಿ ಆ ತೊಡೆ ದಣಿದದ್ದು ಅದೇ ಮೊದಲು. ಅಂದು ರಾತ್ರಿ ನನ್ನವಳಿಗೆ ಇದನ್ನು ಹೇಳುವಾಗ ಕಣ್ಣು ತುಂಬಿತ್ತು.

ಒಂದು ತಪ್ಪು ಮಾಡಿದೆ. ಫೋನಿನಲ್ಲಿ ವಿಡಿಯೋ ನೋಡಿ ‘ಹಂಡ್ರೆಡ್’ ಅನ್ನುವ ವ್ಯಾಯಾಮಕ್ಕೆ ಕೈ ಹಾಕಿದೆ. ತಲೆ, ಕಾಲು ಎರಡೂ ಎತ್ತಿ ಹಿಡಿದು ಕೈ ಆಡಿಸುವಂಥದ್ದು ಅದು. ಎಡಗೈ ಮಡಚಿ ಎದೆಗೆ ಅಂಟಿಕೊಂಡಿತು, ಮುಷ್ಟಿ ಬಿಗಿಯಿತು. ಅದು ಸಡಿಲವಾಗಲು ಅರ್ಧ ಗಂಟೆ ಬೇಕಾಯಿತು. ಫಿಸಿಯೋ ಬೈಯಲಿಲ್ಲ. ‘ಆ ಕೈಯೇ ನಿಮ್ಮ ಮೀಟರ್ ಸರ್. ಅದು ಮುದುಡಿತು ಅಂದರೆ ನೀವು ಮಾಡುತ್ತಿರುವುದು ಭಾರವಾಯಿತು ಅಂತ ಅರ್ಥ. ಅಲ್ಲೇ ನಿಲ್ಲಿಸಿ’ ಅಂದರು. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಅತಿ ಉಪಯೋಗದ ಮಾತು ಇದು. ಈಗ ಪ್ರತಿ ವ್ಯಾಯಾಮದಲ್ಲೂ ಎಡಗೈಯನ್ನೇ ನೋಡುತ್ತೇನೆ. ಅದು ದಿಂಬಿನ ಮೇಲೆ ಮೆತ್ತಗೆ ಬಿದ್ದಿದ್ದರೆ ಇನ್ನೊಂದು ಸಲ ಮಾಡುತ್ತೇನೆ.

ಕೈಗೆ ಈಗ ಮಾಡುವುದು ಇಷ್ಟು. ಮೇಜಿನ ಮುಂದೆ ಕೂತು, ಅಂಗೈ ಕೆಳಗೆ ಮಡಚಿದ ಟವೆಲ್ ಇಟ್ಟು, ಉಸಿರು ಬಿಡುತ್ತಾ ಮುಂದಕ್ಕೆ ಜಾರಿಸುವುದು. ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದಿಲ್ಲ, ಯಾರಿಗೂ ಎಳೆಯಲು ಬಿಡುವುದಿಲ್ಲ. ಭುಜದ ನೋವು ನಾಲ್ಕು ತಿಂಗಳಲ್ಲಿ ಕಡಿಮೆಯಾಯಿತು. ವ್ಯಾಯಾಮಕ್ಕೆ ಮುಂಚೆ ಬಿಪಿ ನೋಡಿಕೊಳ್ಳುತ್ತೇನೆ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಮಾಡುವುದಿಲ್ಲ. ಸ್ಟ್ರೋಕ್ ಆದವರ ಸುಸ್ತು ಬೇರೆ ಥರದ್ದು, ಒಮ್ಮೆ ಮಿತಿ ಮೀರಿದರೆ ಮಾರನೆಯ ದಿನವೂ ಹೋಯಿತು. ನಿಮ್ಮ ಡಾಕ್ಟರ್ ಒಪ್ಪಿದ ಮೇಲೆ, ಲಕ್ವ ಹೊಡೆದವರಿಗೆ ಮಾಡಿಸಿ ಗೊತ್ತಿರುವವರ ಹತ್ತಿರವೇ ಕಲಿಯಿರಿ. ಒಬ್ಬರೇ ಇದ್ದಾಗ ನೆಲದ ಮೇಲೆ ಮಲಗಿ ಮಾಡಲು ಹೋಗಬೇಡಿ. ಏಳುವಾಗಲೇ ಬೀಳುವುದು.

ಬೆರಳುಗಳು ಈಗಲೂ ಪೂರ್ತಿ ಬಿಚ್ಚುವುದಿಲ್ಲ. ಕೋಲು ಹೊರಗೆ ಹೋಗುವಾಗ ಬೇಕೇ ಬೇಕು. ಆದರೆ ಮನೆಯೊಳಗೆ ಬೇಡ, ಹೊಸಿಲು ದಾಟುವಾಗ ಕಾಲು ಎಡವುವುದಿಲ್ಲ. ಕಳೆದ ಯುಗಾದಿಗೆ ಗೋಡೆಗೆ ಒರಗದೆ ನಿಂತು, ಎಡಗೈಯಿಂದ ಪಂಚೆಯ ಅಂಚನ್ನು ಸೊಂಟಕ್ಕೆ ಒತ್ತಿ ಹಿಡಿದು, ಬಲಗೈಯಿಂದ ಸುತ್ತಿ ಸಿಕ್ಕಿಸಿಕೊಂಡೆ. ನನ್ನವಳು ಪಕ್ಕದಲ್ಲೇ ನಿಂತಿದ್ದಳು, ಮುಟ್ಟಲಿಲ್ಲ.